ಮಕ್ಕಳ ನಗೆಗೆ ರೂಪವಿತ್ತ ಸುಕುಮಾರ ರಾಯ್

ವಂಗದೇಶದ ಮನೆಗಳಲ್ಲಿ ಅಕ್ಷರಾಭ್ಯಾಸಕ್ಕೆ ಮುನ್ನವೇ ಮಕ್ಕಳ ನಾಲಗೆಗೆ ಬರುವ ಕೆಲವು ಪದ್ಯಗಳುಂಟು. ಅವುಗಳಲ್ಲೊಂದರಲ್ಲಿ ಬಾತುಕೋಳಿಯೂ ಮುಳ್ಳುಹಂದಿಯೂ ಕೂಡಿ ಒಂದೇ ಪ್ರಾಣಿಯಾಗುತ್ತವೆ. ಆನೆಯೂ ತಿಮಿಂಗಿಲವೂ ಬೆಸೆದುಕೊಂಡು, ಕಾಡಿಗೆ ಹೋಗುವುದೋ ಕಡಲಿಗೆ ಹೋಗುವುದೋ ತಿಳಿಯದೆ ತೊಳಲುತ್ತವೆ. ಪಕ್ಕದಲ್ಲಿಯೇ ಆ ವಿಚಿತ್ರ ಜೀವಿಗಳ ಚಿತ್ರ. ಪದ್ಯವನ್ನು ಹೊಸೆದ ಕೈಯೇ ಚಿತ್ರವನ್ನೂ ಬರೆದಿದೆ. ಆ ಕೈ ಸುಕುಮಾರ ರಾಯ್ ಅವರದು.

1887ರ ಅಕ್ಟೋಬರ್ 30ರಂದು ಜನಿಸಿದ ಸುಕುಮಾರರಿಗೆ ಈ ವಿದ್ಯೆ ಮನೆಯಲ್ಲಿಯೇ ದೊರೆಯಿತು. ತಂದೆ ಉಪೇಂದ್ರಕಿಶೋರರು ಮಕ್ಕಳ ಸಾಹಿತಿ, ಚಿತ್ರಕಾರರು, ಪಿಟೀಲುವಾದಕರು; ಎಲ್ಲಕ್ಕೂ ಮಿಗಿಲಾಗಿ ಮುದ್ರಣಶಾಸ್ತ್ರದ ಸಂಶೋಧಕರು. ತಮ್ಮ ಚಿತ್ರಗಳು ಮರದ ಅಚ್ಚಿನಲ್ಲಿ ಕೆಟ್ಟು ಮೂಡಿದ್ದನ್ನು ಕಂಡು ನೊಂದ ಅವರು ವಿಲಾಯತಿಯಿಂದ ಯಂತ್ರಗಳನ್ನು ತರಿಸಿ 1895ರಲ್ಲಿ ತಮ್ಮದೇ ಉದ್ಯಮವನ್ನು ಆರಂಭಿಸಿದರು. ಚಿತ್ರದ ನೆರಳು ಬೆಳಕುಗಳನ್ನು ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆದು ಮುದ್ರಿಸುವ ಹಾಫ್‌ಟೋನ್ ಬ್ಲಾಕಿನ ವಿಧಾನವನ್ನು ಕುರಿತ ಅವರ ಲೇಖನಗಳು ಇಂಗ್ಲೆಂಡಿನಲ್ಲಿಯೂ ಮಾನ್ಯತೆ ಪಡೆದವು.

ಮಗನು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡರಲ್ಲೂ ಆನರ್ಸ್ ಪದವಿ ಪಡೆದನು. ಅದೇ ಅವಧಿಯಲ್ಲಿ ನಾನ್‌ಸೆನ್ಸ್ ಕ್ಲಬ್ ಎಂಬ ಗೆಳೆಯರ ಕೂಟ ಕಟ್ಟಿ, ಬೀದಿಯಲ್ಲಿ ಮಾರುವ ಕುರುಕಲು ತಿಂಡಿಯ ಹೆಸರಿಟ್ಟು ಕೈಬರಹದ ಪತ್ರಿಕೆಯೊಂದನ್ನೂ ಹೊರಡಿಸಿದನು! 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ಮುದ್ರಣತಂತ್ರವನ್ನು ಅಭ್ಯಸಿಸಿ 1913ರಲ್ಲಿ ಸ್ವದೇಶಕ್ಕೆ ಮರಳಿದಾಗ, ತಂದೆಯವರು ಆಗಷ್ಟೇ ಆರಂಭಿಸಿದ್ದ 'ಸಂದೇಶ್' ಎಂಬ ಮಕ್ಕಳ ಮಾಸಪತ್ರಿಕೆ ಕಾದಿತ್ತು. ಬಂಗಾಳಿಯಲ್ಲಿ ಆ ಮಾತಿಗೆ ಸುದ್ದಿಯೆಂದೂ ಸಿಹಿತಿಂಡಿಯೆಂದೂ ಎರಡರ್ಥ. 1915ರಲ್ಲಿ ಉಪೇಂದ್ರಕಿಶೋರರು ಕಾಲವಾದರು. ಪತ್ರಿಕೆ, ಮುದ್ರಣಾಲಯಗಳ ಭಾರವೆಲ್ಲವೂ ಮಗನ ಹೆಗಲಿಗೆ ಬಿತ್ತು.

ಅಸಂಬದ್ಧ ಪದ್ಯವೆಂದರೆ ಹೇಗೆ ಬೇಕಾದರೂ ಗೀಚಬಹುದೆಂದು ತಿಳಿಯುವವರುಂಟು. ಸುಕುಮಾರರ ಪದ್ಯದಲ್ಲಿ ಲೋಕವು ತಲೆಕೆಳಗಾಗಬಹುದು, ಛಂದಸ್ಸು ಮಾತ್ರ ಒಂದು ಮಾತ್ರೆಯೂ ತಪ್ಪದು. ಅವರ ಗದ್ಯಕಥೆ 'ಹ ಜ ಬ ರ ಲ'ದಲ್ಲಿ ಕರವಸ್ತ್ರವು ಬೆಕ್ಕಾಗುತ್ತದೆ; ಕಾಗೆಯೊಂದು ಸ್ಲೇಟು ಹಿಡಿದು ಲೆಕ್ಕ ಮಾಡುತ್ತದೆ. ಇನ್ನೊಂದು ಪದ್ಯದಲ್ಲಿ ನಗುವುದೇ ನಿಷಿದ್ಧವಾದ ಮರಿಗಳು ಬರುತ್ತವೆ; ಎಲ್ಲಿ ನಗು ಬಂದುಬಿಡುವುದೋ ಎಂದು ಅವು ಸದಾ ಬೆದರಿಕೊಂಡಿರುತ್ತವೆ. ಅದನ್ನೋದಿದ ಉಪಾಧ್ಯಾಯರು ಒಮ್ಮೆಯಾದರೂ ಕನ್ನಡಿ ನೋಡಿಕೊಂಡಿದ್ದಾರು.

1921ರ ಮೇ 2ರಂದು ಅವರಿಗೆ ಪುತ್ರೋತ್ಸವವಾಯಿತು. ಅದೇ ವರ್ಷ ಕಾಲಾ ಅಜಾರ್ ಎಂಬ ಮಾರಕ ಜ್ವರವೂ ಅಂಟಿಕೊಂಡಿತು. ಅದಕ್ಕೆ ಪರಿಣಾಮಕಾರಿಯಾದ ಔಷಧವನ್ನು ಅದೇ ಕಲ್ಕತ್ತೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿಯವರು ಆ ವರ್ಷಗಳಲ್ಲಿಯೇ ಸಿದ್ಧಪಡಿಸುತ್ತಿದ್ದರು. ಅದು ಎಲ್ಲರ ಕೈಗೆಟುಕುವ ಕಾಲ ಇನ್ನೂ ಬಂದಿರಲಿಲ್ಲ. ಉಳಿಯುವ ಭರವಸೆಯಿಲ್ಲದಿದ್ದರೂ ಸುಕುಮಾರರು ಹಾಸಿಗೆಯಲ್ಲಿದ್ದುಕೊಂಡೇ ಬರೆದರು, ಚಿತ್ರ ರಚಿಸಿದರು, 'ಸಂದೇಶ್' ಸಂಚಿಕೆಗಳಲ್ಲಿ ಚದುರಿದ್ದ ಪದ್ಯಗಳನ್ನು 'ಆಬೋಲ್ ತಾಬೋಲ್' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಅಣಿಗೊಳಿಸಿದರು. ಯಾವ ಪುಟದಲ್ಲಿ ಯಾವ ಚಿತ್ರ, ಎಲ್ಲಿ ಎಷ್ಟು ಜಾಗ ಎಂಬುದನ್ನು ಗೊತ್ತುಪಡಿಸಿ, ಇಡೀ ಪುಸ್ತಕದ ಮಾದರಿಪ್ರತಿಯನ್ನು ತಾವೇ ಸಿದ್ಧಗೊಳಿಸಿದರು. ಮಕ್ಕಳು ಕಾಣುವ ಪುಟವನ್ನು ಅನ್ಯರ ಕೈಗೆ ಬಿಡುವ ಜಾಯಮಾನ ಅವರದಾಗಿರಲಿಲ್ಲ. 1923ರ ಆಗಸ್ಟಿನಲ್ಲಿ ರವೀಂದ್ರನಾಥ ಠಾಕೂರರು ಬಂದು ಹಾಸಿಗೆಯ ಬಳಿ ಕುಳಿತು ಹಾಡಿದರು.

ಸೆಪ್ಟೆಂಬರ್ 10ರಂದು ಸುಕುಮಾರರು ಕಣ್ಮುಚ್ಚಿದರು. ಆಗ ಅವರಿಗೆ ಮೂವತ್ತೈದು ವರ್ಷ. ಒಂಬತ್ತು ದಿನಗಳ ತರುವಾಯ ಪುಸ್ತಕ ಹೊರಬಂದಿತು.

ಅವರ ಮಗನಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ತಂದೆಯನ್ನು ಆ ಬಾಲಕ ಅರಿತದ್ದು ಹೆಚ್ಚಾಗಿ ಪುಟಗಳ ಮೂಲಕವೇ. ಮುಂದೆ ಚಲನಚಿತ್ರರಂಗದಲ್ಲಿ ಜಗದ್ವಿಖ್ಯಾತರಾದ ಆ ಸತ್ಯಜಿತ್ ರಾಯ್ ಅವರು ನಿಂತುಹೋಗಿದ್ದ 'ಸಂದೇಶ್'ಗೆ 1961ರಲ್ಲಿ ಮತ್ತೆ ಜೀವ ತುಂಬಿ, ಅದರ ಪುಟಗಳಿಗೆ ತಾವೇ ಕಥೆ ಬರೆದರು, ಚಿತ್ರವನ್ನೂ ಬರೆದರು.