ದೇವಕೋಪದ ಬೋಧಕ ಜೊನಾಥನ್ ಎಡ್ವರ್ಡ್ಸ್

ಅಭಿಪ್ರೇರಣೆಯ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವ ಜೀವನಕಥೆಗಳಲ್ಲಿ ಜೊನಾಥನ್ ಎಡ್ವರ್ಡ್ಸ್ ಅವರದೂ ಒಂದು. ಭಯ ಹುಟ್ಟಿಸಿ ಕಲಿಸಬಹುದೇ ಎಂಬ ಪ್ರಶ್ನೆಗೆ ಅವರ ಬದುಕು ಸುಲಭದ ಉತ್ತರ ಕೊಡುವುದಿಲ್ಲ. ಅದಕ್ಕಾಗಿಯೇ ಅದನ್ನು ಆರಿಸಿಕೊಂಡಿದ್ದೇನೆ.

ಎಡ್ವರ್ಡ್ಸ್ 1703ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಯೇಲ್ ಕಾಲೇಜಿನಲ್ಲಿ ಓದಿ, ಅಲ್ಲೇ ಕೆಲಕಾಲ ಬೋಧಕರಾಗಿದ್ದರು. 1729ರಲ್ಲಿ ತಾತ ಸಾಲೊಮನ್ ಸ್ಟಾಡರ್ಡ್ ತೀರಿಕೊಂಡಾಗ ನಾರ್ಥಾಂಪ್ಟನ್ ಸಭೆಯ ಪೂರ್ಣ ಹೊಣೆ ಅವರಿಗೆ ಬಂತು. 1734–35ರಲ್ಲಿ ಆ ಊರಿನಲ್ಲಿ ದೊಡ್ಡ ಧಾರ್ಮಿಕ ಜಾಗೃತಿ ಎದ್ದಿತು. ಆದರೆ 1735ರಲ್ಲಿ, ತನ್ನ ಆತ್ಮದ ಗತಿಯ ಚಿಂತೆಯಲ್ಲಿ ಕುಗ್ಗಿದ್ದ ಅವರ ಬಂಧುವೊಬ್ಬರು ಪ್ರಾಣ ಕಳೆದುಕೊಂಡರು. ಜಾಗೃತಿಯ ವರದಿಯಲ್ಲಿ ಎಡ್ವರ್ಡ್ಸ್ ಈ ಸಾವನ್ನು ಮುಚ್ಚಿಡಲಿಲ್ಲ.

1741ರ ಜುಲೈ 8ರಂದು ಎನ್‌ಫೀಲ್ಡ್‌ನಲ್ಲಿ ಅವರು ದೇವಕೋಪವನ್ನು ಕುರಿತು ಪ್ರಸಂಗ ಮಾಡಿದರು. ಪಾಪಿಯ ಸ್ಥಿತಿಯನ್ನು ಬೆಂಕಿಯ ಮೇಲೆ ಹಿಡಿದ ಜೇಡಕ್ಕೆ ಹೋಲಿಸಿದರು. ಆರ್ಭಟ, ಹಾವಭಾವ ಅವರ ರೀತಿಯಲ್ಲ. ಆದರೂ ಜನರ ಗೋಳಾಟಕ್ಕೆ ಅವರು ನಡುವೆ ಮಾತು ನಿಲ್ಲಿಸಬೇಕಾಯಿತು. ಅದೇ ಪ್ರಸಂಗವನ್ನು ಮೊದಲು ತಮ್ಮ ಸಭೆಗೂ ಕೊಟ್ಟಿದ್ದರು. ಹೆಸರಾದದ್ದು ಮಾತ್ರ ಎನ್‌ಫೀಲ್ಡ್‌ನದು. ಒಂದೇ ಪಾಠವನ್ನು ಎರಡು ತರಗತಿಗಳಿಗೆ ಮಾಡಿದವರಿಗೆ ಇದು ಹೊಸದಲ್ಲ.

ಅವರ ದೃಷ್ಟಿಯಲ್ಲಿ ದೇವಕೋಪವೆಂದರೆ ಸಿಡುಕಲ್ಲ, ಪಾಪಕ್ಕೆ ಎದುರಾಗುವ ನ್ಯಾಯ. ಅಪಾಯ ಕಾಣದವನು ಕೃಪೆಯನ್ನು ಹುಡುಕುವುದಿಲ್ಲ ಎಂಬುದು ಅವರ ತರ್ಕ. ಆದ್ದರಿಂದಲೇ ಆ ಪ್ರಸಂಗ ಕೊನೆಗೆ ಕ್ರಿಸ್ತನ ಕರುಣೆಯ ಕಡೆಗೆ ಕರೆಯುತ್ತದೆ. ಭಯ ಎಚ್ಚರಿಸುತ್ತದೆ, ಆದರೆ ಭಯವೇ ರಕ್ಷಣೆಯಲ್ಲ. 1746ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಈ ಭೇದವನ್ನು ವಿಸ್ತರಿಸಿದರು: ಅಳು, ನಡುಕ, ಉದ್ವೇಗ ಯಾವುದೂ ನಿಜವಾದ ಭಕ್ತಿಗೆ ಸಾಕ್ಷಿಯಲ್ಲ; ದೇವರ ಮೇಲಿನ ಪ್ರೀತಿ ಮತ್ತು ನಿಲ್ಲುವ ನಡತೆಯೇ ಸಾಕ್ಷಿ.

ಕರ್ತನ ಭೋಜನಕ್ಕೆ ಯಾರು ಅರ್ಹರು ಎಂಬ ವಿವಾದದಲ್ಲಿ 1750ರಲ್ಲಿ ಸಭೆ ಅವರನ್ನು ತೆಗೆದುಹಾಕಿತು. ಮರುವರ್ಷ ಸ್ಟಾಕ್‌ಬ್ರಿಜ್‌ನಲ್ಲಿ ಮೊಹಿಕನ್ ಮೂಲನಿವಾಸಿಗಳ ನಡುವೆ ಕೆಲಸ ಹಿಡಿದರು. ಅಲ್ಲಿಂದ ಬರೆದ ಪತ್ರವೊಂದರಲ್ಲಿ, ಮಕ್ಕಳು ಅರ್ಥ ತಿಳಿಯದೆ ಓದುವುದನ್ನು ಟೀಕಿಸಿ, ಪ್ರಶ್ನೆ ಕೇಳಿ, ಮಾತನಾಡಿಸಿ ಕಲಿಸಬೇಕೆಂದರು. 1758ರಲ್ಲಿ ಪ್ರಿನ್ಸ್‌ಟನ್‌ನ ಕಾಲೇಜಿಗೆ ಅಧ್ಯಕ್ಷರಾಗಿ ಹೋದವರು, ಸಿಡುಬಿನ ವಿರುದ್ಧ ಹಾಕಿಸಿಕೊಂಡ ಚುಚ್ಚುಮದ್ದಿನಿಂದಲೇ ಮಾರ್ಚ್ 22ರಂದು ತೀರಿಕೊಂಡರು.

ಎನ್‌ಫೀಲ್ಡ್‌ನ ಒಂದು ದಿನವನ್ನಷ್ಟೇ ನೆನೆದರೆ ಎಡ್ವರ್ಡ್ಸ್ ಅರ್ಧ ಮಾತ್ರ ಸಿಗುತ್ತಾರೆ. ತರಗತಿ ಗಪ್‌ಚುಪ್ಪಾಗಿದ್ದುದನ್ನು ಪಾಠ ವೀಕ್ಷಣಾ ಪುಸ್ತಕದಲ್ಲಿ ಬರೆಯಿರಿ. ಅದು ಕಲಿಕೆಯೋ ಅಂಜಿಕೆಯೋ ಎಂಬುದನ್ನು ಮಾತ್ರ ಮಾರನೆಯ ದಿನ ಮಕ್ಕಳನ್ನು ಮಾತನಾಡಿಸಿ ತಿಳಿಯಿರಿ.