ಟೆಸ್ಲಾನ ದೋಣಿ, ನಮ್ಮ ಕಿಡಿ

ನಮ್ಮ ರಿಮೋಟ್ ದೋಣಿ ಹಲಸೂರಿನ ಗೆಳೆಯನ ಮನೆ ಟೆರೇಸ್ ಮೇಲೆ ಕೈಕೊಡ್ತು. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ 27 ಮೆಗಾಹರ್ಟ್ಸ್ ಸೆಟ್ ಅದು. ಮೋಟಾರ್ ಆಫ್ ಇದ್ದರೆ ಟೆರೇಸಿನ ಆ ತುದಿಯಿಂದಲೂ ಚುಕ್ಕಾಣಿ ಮಾತು ಕೇಳುತ್ತೆ. ಮೋಟಾರ್ ಆನ್ ಮಾಡಿ ನಾಲ್ಕು ಹೆಜ್ಜೆ ಹಿಂದೆ ಹೋದರೆ ಸಾಕು, ತನ್ನಷ್ಟಕ್ಕೆ ಒದ್ದಾಡುತ್ತೆ. ಪ್ರಾಜೆಕ್ಟ್ ರಿವ್ಯೂಗೆ ಐದೇ ದಿನ ಬಾಕಿ. ಕಾರಣ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ನಿಕೋಲಾ ಟೆಸ್ಲಾ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಈಗ ಕ್ರೊಯೇಷಿಯಾದಲ್ಲಿರುವ ಸ್ಮಿಲ್ಯಾನ್ ಹಳ್ಳಿಯಲ್ಲಿ. ಅಪ್ಪ ಪಾದ್ರಿ, ಮಗನೂ ಪಾದ್ರಿ ಆಗಲಿ ಅಂತ ಆಸೆ. ಮಗನಿಗೆ ಕಾಲರಾ ಬಂದು ಸಾಯುವ ಹಾಗಾದಾಗ, ಬದುಕಿದರೆ ಎಂಜಿನಿಯರಿಂಗ್ ಓದಿಸ್ತೀನಿ ಅಂತ ಒಪ್ಪಿದರಂತೆ. (ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಬೇಡ ಅನ್ನೋಕೆ ಕಾಯಿಲೆ ಬೀಳಬೇಕು.)

1875ರಲ್ಲಿ ಆಸ್ಟ್ರಿಯಾದ ಗ್ರಾಜ್ ಕಾಲೇಜಿಗೆ ಸೇರಿದ. ಎರಡನೇ ವರ್ಷ, ಅಂದರೆ ನಾವು ಈಗ ಇರೋ ಜಾಗದಲ್ಲಿ, ಕ್ಲಾಸಿಗೆ ಒಂದು ಗ್ರಾಮ್ ಡೈನಮೋ ಬಂತು. ಅದನ್ನು ಮೋಟಾರಿನಂತೆ ಓಡಿಸಿದಾಗ ಕಮ್ಯುಟೇಟರ್ ಮತ್ತು ಬ್ರಷ್ ನಡುವೆ ಕಿಡಿ ಹಾರುತ್ತಿತ್ತು. ಕಮ್ಯುಟೇಟರೇ ಇಲ್ಲದ ಮೋಟಾರ್ ಮಾಡಬಹುದು ಅಂದ ಟೆಸ್ಲಾ. ಅದು ಯಾಕೆ ಆಗಲ್ಲ ಅಂತ ಪ್ರೊಫೆಸರ್ ಪೋಶೆಲ್ ಎಲ್ಲರೆದುರು ಪಾಠ ಮಾಡಿದರು. ಆಮೇಲೆ ಟೆಸ್ಲಾ ಜೂಜಿಗೆ ಬಿದ್ದ, ಸ್ಕಾಲರ್‌ಶಿಪ್ ಹೋಯಿತು, ಡಿಗ್ರಿ ಸಿಗಲೇ ಇಲ್ಲ. ಆದರೆ ಆ ಕಿಡಿ ತಲೆಯಿಂದ ಹೋಗಲಿಲ್ಲ. 1882ರಲ್ಲಿ ಬುಡಾಪೆಸ್ಟ್‌ನಲ್ಲಿ ತಿರುಗುವ ಕಾಂತಕ್ಷೇತ್ರದ ಉಪಾಯ ಹೊಳೆಯಿತು. 1884ರಲ್ಲಿ ನ್ಯೂಯಾರ್ಕಿಗೆ ಹೋದ, 1888ರಲ್ಲಿ ಪೇಟೆಂಟ್‌ಗಳು ವೆಸ್ಟಿಂಗ್‌ಹೌಸ್ ಕೈಗೆ ಹೋದವು. 1905ರಲ್ಲಿ ಶಿವನಸಮುದ್ರದಿಂದ ಬೆಂಗಳೂರಿಗೆ ಬಂದ ಕರೆಂಟ್ ಕೂಡ ಎಸಿಯೇ.

1895ರ ಮಾರ್ಚ್‌ನಲ್ಲಿ ಅವನ ಲ್ಯಾಬ್ ಸುಟ್ಟು ಬೂದಿಯಾಯಿತು. ಮೂರೇ ವರ್ಷದಲ್ಲಿ, 1898ರಲ್ಲಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತೊಟ್ಟಿಯ ನೀರಿನ ಮೇಲೆ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ. ಒಳಗೆ ಯಾರೋ ಇದ್ದಾರೆ, ಮಂತ್ರ ಇರಬೇಕು ಅಂತೆಲ್ಲ ಜನ ಅಂದುಕೊಂಡರು.

ಮಂತ್ರಕ್ಕಿಂತ ಒಳಗಿನ ಕೆಲಸ ಚೆಂದ. ಆಗ ರಿಸೀವರ್ ಅಂದರೆ ಕೊಹೆರರ್, ಲೋಹದ ಪುಡಿ ತುಂಬಿದ ಡಬ್ಬಿ. ಸಿಗ್ನಲ್ ಬಂದರೆ ಪುಡಿ ಅಂಟಿಕೊಂಡು ಕರೆಂಟ್ ಹರಿಯುತ್ತೆ. ತೊಂದರೆ ಏನಂದ್ರೆ, ಅಂಟಿಕೊಂಡಿದ್ದು ಹಾಗೇ ಉಳಿದುಬಿಡುತ್ತೆ. ಮುಂದಿನ ಸಿಗ್ನಲ್ ಗೊತ್ತೇ ಆಗಲ್ಲ. ಬೇರೆಯವರು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಟೆಸ್ಲಾ ಪ್ರತಿ ಸಿಗ್ನಲ್ ಆದ ಮೇಲೆ ಡಬ್ಬಿಯೇ ತಲೆಕೆಳಗಾಗುವಂತೆ ಮಾಡಿದ. ಇನ್ನೊಂದು ತೊಂದರೆ: ಇರೋದು ಒಂದೇ ಚಾನೆಲ್. ಅದಕ್ಕೆ ಪ್ರತಿ ಸಿಗ್ನಲ್‌ಗೂ ಒಳಗಿನ ಚಕ್ರ ಒಂದೊಂದು ಹೆಜ್ಜೆ ಸರಿದು ಚುಕ್ಕಾಣಿಯನ್ನು ಎಡ, ನೇರ, ಬಲ ಅಂತ ಸರದಿಯಲ್ಲಿ ಬದಲಿಸುತ್ತಿತ್ತು.

ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟ್ 6,13,809 ಸಿಕ್ಕಿತು. ಪಕ್ಕದವನ ಸಿಗ್ನಲ್ ನುಗ್ಗಿದರೆ? ಅದಕ್ಕೆ ಎರಡು ಬೇರೆ ಆವರ್ತನಗಳು ಒಟ್ಟಿಗೆ ಬಂದರೆ ಮಾತ್ರ ಕೆಲಸ ಮಾಡುವ ವ್ಯವಸ್ಥೆಗೆ 1903ರಲ್ಲಿ ಪೇಟೆಂಟ್ ಪಡೆದ. ನಾವು ಓದೋ ಆಂಡ್ ಗೇಟ್ ಥರಾನೇ. ಇಷ್ಟಾದರೂ ಅಮೆರಿಕದ ನೌಕಾಪಡೆ ದೋಣಿ ಕೊಳ್ಳಲಿಲ್ಲ. ವಾರ್ಡನ್‌ಕ್ಲಿಫ್ ಗೋಪುರಕ್ಕೆ ದುಡ್ಡು ನಿಂತಿತು. ಕೊನೆಯ ವರ್ಷಗಳು ಹೋಟೆಲ್ ಕೋಣೆಗಳಲ್ಲಿ, ಪಾರಿವಾಳಗಳ ಜೊತೆ. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನಲ್ಲಿ ಒಬ್ಬನೇ ತೀರಿಕೊಂಡ.

ನಮ್ಮ ದೋಣಿಗೆ ಬಂದಿದ್ದೂ ಗ್ರಾಜ್‌ನ ಆ ರೋಗವೇ. ನಮ್ಮದೂ ಬ್ರಷ್ ಇರುವ ಮೋಟಾರ್. ಅದರ ಪ್ರತಿ ಕಿಡಿಯೂ ಒಂದು ಪುಟ್ಟ ರೇಡಿಯೋ ಸ್ಟೇಷನ್. ರಿಸೀವರ್ ಅದನ್ನೇ ಕೇಳಿಸಿಕೊಳ್ತಿತ್ತು. 0.1 ಮೈಕ್ರೊಫ್ಯಾರಡ್‌ನ ಮೂರು ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದ್ವಿ: ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟಾರಿನ ಲೋಹದ ಕವಚಕ್ಕೆ ಒಂದೊಂದು. ಮೋಟಾರ್ ವೈರುಗಳನ್ನು ಹೆಣೆದು, ಆಂಟೆನಾವನ್ನು ಮೋಟಾರಿನಿಂದ ದೂರ ನೆಟ್ಟಗೆ ನಿಲ್ಲಿಸಿದ್ವಿ. ಈಗ ಮೋಟಾರ್ ಓಡ್ತಿದ್ದರೂ ಟೆರೇಸಿನ ತುದಿವರೆಗೆ ಚುಕ್ಕಾಣಿ ನಡುಗಲ್ಲ. ಬ್ರಷ್‌ಲೆಸ್ ಮೋಟಾರ್ ಹಾಕೋಣ ಅಂತ ಗೆಳೆಯ ಹೇಳ್ತಿದ್ದಾನೆ, ದುಡ್ಡು ಮಾತ್ರ ಯಾರ ಹತ್ರಾನೂ ಇಲ್ಲ.