ಫುಟ್‌ಬಾಲ್ ಕಲಿಸಿದ ರಹೀಂ ಮಾಸ್ತರರು



ನಮ್ಮ ಕಡೆಯ ಹುಡುಗರಿಗೆ ಈಗ ಇಂಗ್ಲೆಂಡಿನ ಫುಟ್‌ಬಾಲ್ ಹುಚ್ಚು ಹಿಡಿದಿದೆ. ಮಿರಜಿನಲ್ಲಾಗಲಿ ಸಾಂಗಲಿಯಲ್ಲಾಗಲಿ ಚಹಾದ ಅಂಗಡಿಯ ಮುಂದೆ ನಿಂತರೆ, ಯಾವ ಕ್ಲಬ್ಬು ಯಾವ ಮ್ಯಾನೇಜರನನ್ನು ತೆಗೆಯಿತು, ಯಾರನ್ನು ತಂದಿತು ಎಂಬ ಚರ್ಚೆ ಕಿವಿಗೆ ಬೀಳುತ್ತದೆ. ಅವರ ಮಾತು ಕೇಳಿ ನಾನೂ ಸ್ವಲ್ಪ ಓದಿದೆ. ಆ ಕ್ಲಬ್ಬುಗಳ ಚರಿತ್ರೆಯೆಂದರೆ ಹೆಚ್ಚುಕಡಿಮೆ ಅವುಗಳ ಮ್ಯಾನೇಜರುಗಳ ಚರಿತ್ರೆಯೇ. ಹರ್ಬರ್ಟ್ ಚಾಪ್ಮನ್ ಎಂಬವರು ಹಡರ್ಸ್‌ಫೀಲ್ಡ್ ತಂಡವನ್ನು ಮೇಲೆತ್ತಿ, 1925ರಲ್ಲಿ ಆರ್ಸೆನಲ್‌ಗೆ ಬಂದು ಅದನ್ನೂ ದೊಡ್ಡದು ಮಾಡಿದರು. 1934ರಲ್ಲಿ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅಲೆಕ್ಸ್ ಫರ್ಗುಸನ್ 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಒಂದನ್ನೇ ನಡೆಸಿದರು. ಆ ಊರುಗಳಲ್ಲಿ ಇಂಥವರ ಹೆಸರು ಸಣ್ಣ ಮಗುವಿಗೂ ಗೊತ್ತು.

ನಮ್ಮ ದೇಶಕ್ಕೂ ಅಂಥ ಒಬ್ಬರಿದ್ದರು. ಅವರು ಸಯ್ಯದ್ ಅಬ್ದುಲ್ ರಹೀಂ. 2024ರಲ್ಲಿ ಅವರ ಜೀವನದ ಮೇಲೆ ಹಿಂದಿಯಲ್ಲಿ ಮೈದಾನ್ ಎಂಬ ಸಿನೆಮಾ ಬಂದ ಮೇಲೆ ಕೆಲವರಿಗೆ ಅವರ ಹೆಸರು ಗೊತ್ತಾಯಿತು. ಅದಕ್ಕೂ ಮೊದಲು ಅವರನ್ನು ನೆನೆಯುವವರು ವಿರಳ. ಹೈದರಾಬಾದಿನ ಉರ್ದು ಮಾತಿನ ಮನುಷ್ಯರ ಕಥೆ ಕನ್ನಡ ಸಂಘದ ಪುಟದಲ್ಲೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಓದುತ್ತ ಹೋದರೆ ಉತ್ತರ ತಾನಾಗಿ ಸಿಗುತ್ತದೆ ಎಂದುಕೊಂಡಿದ್ದೇನೆ.

ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಅಂದಿನ ಹೈದರಾಬಾದು ಬರೀ ಒಂದು ಪಟ್ಟಣವಲ್ಲ, ನಿಜಾಮರ ಸಂಸ್ಥಾನದ ರಾಜಧಾನಿ. ನಮ್ಮ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಅದೇ ಸಂಸ್ಥಾನದಲ್ಲಿದ್ದವು; ಮರಾಠವಾಡಾ, ತೆಲಂಗಾಣಗಳೂ ಅದರಲ್ಲೇ ಇದ್ದವು. ಹೀಗೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಗಳ ನಾಡು ಅದು. ಗಡಿಯ ಊರುಗಳಲ್ಲಿ ಬಾಳುವ ನಮಗೆ ಇಂಥ ನಾಡು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಇಂಗ್ಲಿಷ್ ಬಿಟ್ಟು ದೇಶಭಾಷೆಯಾದ ಉರ್ದುವಿನಲ್ಲಿ ಪದವಿಯವರೆಗೂ ಕಲಿಸಬಹುದೆಂದು ತೋರಿಸಿದ ವಿಶ್ವವಿದ್ಯಾಲಯ ಅದು. ಅಲ್ಲಿ ಓದುತ್ತಲೇ ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡಿದರು. ಪದವಿ ಮುಗಿದ ಮೇಲೆ ಶಾಲಾ ಮಾಸ್ತರರಾದರು. ಹೈದರಾಬಾದಿನ ಕಾಚಿಗುಡಾ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳನ್ನು ಆಡಿಸುವ ಹೊಣೆಯನ್ನೂ ಹೊತ್ತರು. ಮುಂದೆ ಎಷ್ಟು ದೊಡ್ಡ ಹೆಸರು ಬಂದರೂ ಅವರೊಳಗಿನ ಮಾಸ್ತರರು ಹಾಗೇ ಉಳಿದರು. ಅವರ ಕೈಕೆಳಗೆ ಆಡಿದವರೆಲ್ಲ ಅವರನ್ನು ನೆನೆದದ್ದು ರಹೀಂ ಸಾಹೇಬರು ಎಂದೇ.

1940ರ ದಶಕದ ಮೊದಲ ವರ್ಷಗಳಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಜಾಗದಲ್ಲಿದ್ದರು. ಕಾರ್ಯದರ್ಶಿಯ ಕೆಲಸವೆಂದರೆ ಏನೆಂದು ನಮ್ಮಂಥ ಸಣ್ಣ ಸಂಘದವರಿಗೂ ಗೊತ್ತು: ಪತ್ರ ಬರೆಯಬೇಕು, ಮೈದಾನ ಗೊತ್ತುಮಾಡಬೇಕು, ವರ್ಗಣಿ ಕೂಡಿಸಬೇಕು, ಸಿಟ್ಟಾದವರನ್ನು ಸಮಾಧಾನ ಮಾಡಬೇಕು. ಇದಕ್ಕೆಲ್ಲ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ರಹೀಮರು ಆ ಕುರ್ಚಿಯಲ್ಲಿ ಕೂತು ಊರಿನ ಆಟದ ಬೇರನ್ನೇ ಗಟ್ಟಿ ಮಾಡಿದರು. ಎಳೆಯ ಹುಡುಗರಿಗಾಗಿ ಬೇರೆಯೇ ಬಗೆಯ ಪಂದ್ಯಗಳನ್ನು ಇಟ್ಟರು. ಒಂದರಲ್ಲಿ ಬಲಗಾಲಿನವರು ಎಡಗಾಲಿನಲ್ಲೂ, ಎಡಗಾಲಿನವರು ಬಲಗಾಲಿನಲ್ಲೂ ಮಾತ್ರ ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತಾನೇ ಹೊತ್ತುಕೊಂಡು ಓಡುವಂತಿಲ್ಲ, ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು. ಇದರಿಂದ ಹುಡುಗರ ಎರಡೂ ಕಾಲು ಪಳಗಿದವು, ಒಬ್ಬನೇ ಮೆರೆಯುವ ಚಟ ಹೋಗಿ ಕೂಡಿ ಆಡುವ ರೂಢಿ ಬಂತು.

ಅವರ ಕೈಗೆ ಬಂದ ದೊಡ್ಡ ಕ್ಲಬ್ಬು ಹೈದರಾಬಾದ್ ಸಿಟಿ ಪೊಲೀಸ್. ಇದು ಹಗಲು ಡ್ಯೂಟಿ ಮಾಡುವ ಪೊಲೀಸರ ತಂಡ. ಕೋಲ್ಕತ್ತೆಯ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ಗಳಿಗೆ ಇದ್ದ ದುಡ್ಡಾಗಲಿ ಹೆಸರಾಗಲಿ ಅದಕ್ಕೆ ಇರಲಿಲ್ಲ. ಅಂಥ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. 1950ರಲ್ಲಿ ಮೋಹನ್ ಬಾಗಾನನ್ನೇ ಸೋಲಿಸಿ ಡುರಾಂಡ್ ಕಪ್ಪನ್ನೂ ತಂದಿತು. 1954 ಮತ್ತು 1957ರಲ್ಲಿ ಮತ್ತೆ ಅದನ್ನು ಗೆದ್ದಿತು. ಇಂಗ್ಲೆಂಡಿನಲ್ಲಿ ಚಾಪ್ಮನ್ನರು ಮಾಡಿದ್ದಕ್ಕೆ ಇದು ಕಡಿಮೆಯೇನಲ್ಲ. ಅಲ್ಲಿ ಮ್ಯಾನೇಜರ್ ಎಂಬುದು ಸಂಬಳದ ದೊಡ್ಡ ಹುದ್ದೆ, ಇಲ್ಲಿ ಒಬ್ಬ ಶಾಲಾ ಮಾಸ್ತರರ ದುಡಿಮೆ, ಅಷ್ಟೇ ವ್ಯತ್ಯಾಸ.

ಭಾರತ ತಂಡದ ಹೊಣೆಯೂ ಅವರಿಗೆ ಬಂತು. 1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕರಾಗಿದ್ದ ತಂಡ ಇಂಡೊನೇಷ್ಯಾ, ಅಫ್ಘಾನಿಸ್ತಾನಗಳನ್ನು ಸೋಲಿಸಿ, ಕೊನೆಗೆ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮಾತ್ರ ದೊಡ್ಡ ಪೆಟ್ಟು ಬಿತ್ತು. ಚಳಿಯ ನೆಲದಲ್ಲಿ ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯಾ 10 ಗೋಲು ಹೊಡೆಯಿತು, ನಮ್ಮದು ಒಂದೇ. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರೆಂದು ಹೆಸರಾದ ಐವರಲ್ಲಿ ಅವರೂ ಒಬ್ಬರು. ಆ ಸೋಲಿನ ನಂತರ ನಮ್ಮ ದೇಶದ ಆಟಕ್ಕೆ ಬೂಟು ಕಡ್ಡಾಯವಾಯಿತು.

ರಹೀಮರು ಸೋಲಿನಿಂದ ಪಾಠ ಕಲಿತರು. ಆ ಕಾಲದಲ್ಲಿ ಹಂಗೇರಿಯ ತಂಡ ಜಗತ್ತಿಗೇ ಹೊಸ ಆಟ ತೋರಿಸುತ್ತಿತ್ತು. ಅದರ ನಡುವಿನ ಮುನ್ನಡೆ ಆಟಗಾರ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡುತ್ತಿದ್ದ; ಎದುರಾಳಿಗೆ ಅವನನ್ನು ಯಾರು ಕಾಯಬೇಕೆಂಬುದೇ ತಿಳಿಯುತ್ತಿರಲಿಲ್ಲ. ರಹೀಮರು ಈ ಪಾಠವನ್ನು ತಮ್ಮ ಹುಡುಗರಿಗೆ ಹೇಳಿಕೊಟ್ಟರು. ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ನಿಂತು ಆಡುವ ಪದ್ಧತಿ 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಗೆದ್ದ ಮೇಲೆ ಲೋಕಪ್ರಸಿದ್ಧವಾಯಿತು. ಹೈದರಾಬಾದಿನ ಈ ಮಾಸ್ತರರು ಅದನ್ನು ಅದಕ್ಕೂ ಮೊದಲೇ ಆಡಿಸಿದ್ದರು.

ಇನ್ನು 1956. ಈ ವರ್ಷವನ್ನು ನಮ್ಮ ಮ್ಹೈಸಾಳದವರು ಮರೆಯುವಂತಿಲ್ಲ. ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಹೊಸದಾಗಿ ರಚನೆಯಾದವು. ಪಕ್ಕದ ಕಾಗವಾಡ, ಅಥಣಿ ಮೈಸೂರು ರಾಜ್ಯಕ್ಕೆ ಹೋದವು, ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. ಅದೇ ದಿನ ರಹೀಮರ ಹೈದರಾಬಾದ್ ರಾಜ್ಯವೂ ಮೂರು ಪಾಲಾಯಿತು. ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ ಸೇರಿದವು, ಮರಾಠವಾಡಾ ಮುಂಬಯಿಗೆ, ಉಳಿದದ್ದು ಆಂಧ್ರಕ್ಕೆ. ನಮ್ಮ ಪಾಲಿಗೆ ಒಂದು ಗೆರೆ ಎಳೆದ ಆ ದಿನವೇ ಅವರ ರಾಜ್ಯದ ಹೆಸರನ್ನು ನಕಾಶೆಯಿಂದ ಅಳಿಸಿತು. ಆದರೂ ಆಟದ ಮೈದಾನದಲ್ಲಿ ಆ ಹೆಸರು ಇನ್ನೂ ಸ್ವಲ್ಪ ಕಾಲ ಬದುಕಿತ್ತು. 1956-57 ಮತ್ತು 1957-58ರ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ಹೈದರಾಬಾದ್ ತಂಡವೇ.

ಗೆರೆ ಎಳೆದ ಒಂದೇ ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದ ಆಟಗಾರನೊಬ್ಬ ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ಆ ತಂಡದ ನಾಯಕ ಬಂಗಾಳದ ಸಮರ್ ಬ್ಯಾನರ್ಜಿ. ಹೈದರಾಬಾದಿನ ಅಜೀಜ್, ನೂರ್ ಮಹಮ್ಮದ್ ತಂಡದಲ್ಲಿದ್ದರು. ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ಸಿಕಂದರಾಬಾದಿನ ಬಡ ಹುಡುಗ ಬಲರಾಮ್ ಕೂಡ ಇದ್ದ. ಅಭ್ಯಾಸಕ್ಕೆ ಹೈದರಾಬಾದಿಗೆ ಬಂದುಹೋಗಲು ಅವನಲ್ಲಿ ದುಡ್ಡಿಲ್ಲವೆಂದು ತಿಳಿದು ಸೈಕಲ್ಲಿನ ಏರ್ಪಾಡು ಮಾಡಿಕೊಟ್ಟವರು ರಹೀಮರೇ. ಊರಿನಲ್ಲಿ ಜನ ಯಾವ ಜಿಲ್ಲೆ ಯಾರಿಗೆ ಎಂದು ಲೆಕ್ಕ ಹಾಕುತ್ತಿದ್ದಾಗ ಈ ಹುಡುಗರು ಒಂದೇ ಅಂಗಿ ತೊಟ್ಟು ಆಡುತ್ತಿದ್ದರು. ಸೆಮಿಫೈನಲ್ಲಿನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ನಮ್ಮದೇ. ಕೊನೆಗೆ 4-1ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಗೆದ್ದಿತು. ನಾಲ್ಕನೆಯ ಸ್ಥಾನ ಸಿಕ್ಕಿತು. ಇಂದಿನವರೆಗೂ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಏರಿಲ್ಲ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಗುಂಪು ಬಹಳ ಕಠಿಣವಿತ್ತು. ಹಂಗೇರಿಗೆ 2-1ರಲ್ಲಿ ಸೋತರೂ ಫ್ರಾನ್ಸಿನೊಡನೆ 1-1ರ ಸಮಬಲ ಸಾಧಿಸಿದರು. ಕೆಂಪಯ್ಯನವರು ಈ ತಂಡದಲ್ಲೂ ಇದ್ದರು. ರಹೀಮರ ಮಗ ಸಯ್ಯದ್ ಶಾಹಿದ್ ಹಕೀಂ ಕೂಡ ತಂಡದ ಜೊತೆ ಹೋಗಿದ್ದರು.

ಅಷ್ಟರಲ್ಲಿ ರಹೀಮರ ದೇಹ ಸೋಲತೊಡಗಿತ್ತು. ಸಿಗರೇಟು ಅವರ ಕೈ ಬಿಟ್ಟದ್ದೇ ಇಲ್ಲ, ಶ್ವಾಸಕೋಶಕ್ಕೆ ಕ್ಯಾನ್ಸರ್ ಹಿಡಿಯಿತು. ಆ ಸ್ಥಿತಿಯಲ್ಲೇ ಅವರು 1962ರಲ್ಲಿ ತಂಡವನ್ನು ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಕರೆದೊಯ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋಲು. ಅನಂತರ ಥಾಯ್ಲೆಂಡ್, ಜಪಾನ್ ಎರಡನ್ನೂ ಗೆದ್ದರು. ಆದರೆ ರಕ್ಷಣೆಯ ಆಧಾರವಾಗಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿದ್ದವು. ಅವರನ್ನು ಹಿಂದೆ ನಿಲ್ಲಿಸುವುದು ಕಷ್ಟವೆಂದು ಕಂಡಾಗ ರಹೀಮರು ಅವರನ್ನು ಮುಂದಿನ ಸಾಲಿಗೆ ತಂದರು. ಗೋಲು ತಡೆಯುವವನನ್ನು ಗೋಲು ಹೊಡೆಯಲು ಕಳಿಸುವುದಕ್ಕೆ ಎಂಟೆದೆ ಬೇಕು. ಜರ್ನೈಲರು ಸೆಮಿಫೈನಲ್ಲಿನಲ್ಲೂ ಫೈನಲ್ಲಿನಲ್ಲೂ ಗೋಲು ಹೊಡೆದರು.

ಅಲ್ಲಿಯ ಗಾಳಿಯೂ ನಮಗೆ ವಿರುದ್ಧವಾಗಿತ್ತು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಮುಖಂಡ ಗುರುದತ್ ಸೋಂಧಿ ಆಕ್ಷೇಪಿಸಿದ್ದರು. ಅದರಿಂದ ಜಕಾರ್ತದ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಸೆಪ್ಟೆಂಬರ್ 4ರ ಫೈನಲ್ಲಿಗೆ ಮತ್ತೆ ಅದೇ ದಕ್ಷಿಣ ಕೊರಿಯಾ. ತುಂಬಿದ ಕ್ರೀಡಾಂಗಣ ಉದ್ದಕ್ಕೂ ನಮ್ಮವರನ್ನು ಹೀಯಾಳಿಸಿತು. ಹಿಂದಿನ ರಾತ್ರಿ ರಹೀಮರು ಹುಡುಗರನ್ನು ಕೂಡಿಸಿಕೊಂಡು, ತನಗೆ ಒಂದೇ ಕಾಣಿಕೆ ಬೇಕು, ಅದು ನಾಳೆಯ ಚಿನ್ನ ಎಂದು ಕೇಳಿದರೆಂದು ಆಟಗಾರರು ಮುಂದೆ ನೆನೆದಿದ್ದಾರೆ. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡ ಆ ಕಾಣಿಕೆ ಕೊಟ್ಟಿತು. ಮೊದಲ 20 ನಿಮಿಷಗಳಲ್ಲೇ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಜ್ವರದಿಂದ ಎದ್ದು ಬಂದ ಪೀಟರ್ ತಂಗರಾಜ್ ಗೋಲು ಕಾದರು. ಕೊನೆಯ ಗಳಿಗೆಯಲ್ಲಿ ಕೊರಿಯಾ ಒಂದು ತಿರುಗಿಸಿದರೂ ಪಂದ್ಯ 2-1ರಿಂದ ನಮ್ಮದಾಯಿತು. ಆ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಪಂಜಾಬಿ, ಬಂಗಾಳಿ, ತಮಿಳು, ತೆಲುಗು, ಉರ್ದು, ಗೂರ್ಖಾಲಿ ಮನೆಮಾತಿನವರೆಲ್ಲ ಆ ಒಂದು ತಂಡದಲ್ಲಿದ್ದರು.

ರಹೀಮರು ಆ ಚಿನ್ನ ತಂದು ಹತ್ತು ತಿಂಗಳೂ ಉಳಿಯಲಿಲ್ಲ. 1963ರ ಜೂನ್ 11ರಂದು, 53ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಂತರ ಭಾರತ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನವನ್ನು ಒಮ್ಮೆಯೂ ಗೆದ್ದಿಲ್ಲ. ಬದುಕಿರುವಾಗ ಪದ್ಮ ಪ್ರಶಸ್ತಿಯೂ ಅವರಿಗೆ ಬರಲಿಲ್ಲ. ಮಗ ಹಕೀಮರು ಅಂತಾರಾಷ್ಟ್ರೀಯ ರೆಫರಿಯಾಗಿ, ಕೋಚಾಗಿ ಹೆಸರು ಮಾಡಿದರು. ಅವರು 2021ರ ಆಗಸ್ಟಿನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಅವರು ಹುಟ್ಟಿದ ಕಾಲಕ್ಕೆ ಕಲಬುರಗಿ ಹೈದರಾಬಾದ್ ರಾಜ್ಯದ್ದೇ ಆಗಿತ್ತು.

ರಹೀಮರು ಕನ್ನಡಿಗರಲ್ಲ, ಹಾಗೆ ಹೇಳಿಕೊಳ್ಳುವ ಹಟವೂ ನನಗಿಲ್ಲ. ನಮ್ಮವರು ಯಾರು, ಪರರು ಯಾರು ಎಂಬ ಮಾತು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಡಿಯಲ್ಲಿರುವವರಿಗೆ ಅದು ಸಹಜ. ನಮ್ಮ ಭಾಷೆ, ನಮ್ಮ ಶಾಲೆಗಳು ಉಳಿಯಬೇಕೆಂಬ ಚಿಂತೆ ನನಗೂ ಇದೆ. ಆದರೆ ಕೃಷ್ಣೆಯ ದಂಡೆಯ ಬಯಲಿನಲ್ಲಿ ಸಂಜೆ ಚೆಂಡು ಒದೆಯುವ ಮಕ್ಕಳಲ್ಲಿ ಕನ್ನಡ ಶಾಲೆಯವರು, ಮರಾಠಿ ಶಾಲೆಯವರು, ಉರ್ದು ಶಾಲೆಯವರು ಎಲ್ಲರೂ ಇರುತ್ತಾರೆ. ನೀನು ಯಾವ ರಾಜ್ಯದವನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಚೆಂಡು ಇತ್ತ ಕೊಡು ಎಂದಷ್ಟೇ ಕೂಗುತ್ತಾರೆ. ರಹೀಂ ಮಾಸ್ತರರು ಕಲಿಸಿದ್ದೂ ಅದನ್ನೇ.

ಆ ಮಕ್ಕಳಿಗೆ ಆಡಿಸುವ ಮಾಸ್ತರರಿಲ್ಲ, ಅದೇ ಕೊರತೆ. ನಮ್ಮ ಸದಸ್ಯರಲ್ಲಿ ನಿವೃತ್ತ ವ್ಯಾಯಾಮ ಶಿಕ್ಷಕರಿದ್ದಾರೆ, ಒಂದು ಕಾಲಕ್ಕೆ ಆಡಿದವರಿದ್ದಾರೆ. ವಾರಕ್ಕೆ ಎರಡು ಸಂಜೆ ಕೊಡಬಲ್ಲವರು ಮುಂದಿನ ಮಾಸಿಕ ಸಭೆಯಲ್ಲಿ ದಯಮಾಡಿ ಹೆಸರು ಹೇಳಿರಿ. ಚೆಂಡು, ಬೂಟುಗಳ ವ್ಯವಸ್ಥೆ ಸಂಘ ನೋಡಿಕೊಳ್ಳುತ್ತದೆ. ಪತ್ರ ಬರೆಯುವ ಕೆಲಸ ಇದ್ದೇ ಇದೆ, ಅದು ನನಗಿರಲಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಮ್ಹೈಸಾಳ